ಕಡಲ ಬಿಸಿ, ಬಾವಿಯ ನೀರು

ಚೆನ್ನೈ ಬಂದರು
ಮೇ 12, 2005

ಬ್ರಾಹ್ಮಿ ಅಕ್ಕಾ,

ಜಯ ಜಿನೇಂದ್ರ. ನಿನ್ನ ಬೈಗುಳದ ಪತ್ರ ಬಂತು. ಹಡಗಿನಲ್ಲಿ ತಮ್ಮ ಏನು ಮಾಡುತ್ತಾನೆ ಎಂದು ಮಂದಿ ಕೇಳಿದರೆ ಏನು ಹೇಳಲಿ ಎಂದು ಸಿಟ್ಟಾಗಿದ್ದೀ. ಮೀನು ಹಿಡಿಯುವ ಹಡಗಲ್ಲ ಎಂದು ಮೊದಲು ಊರಿಗೆಲ್ಲ ಹೇಳು. ಅಡುಗೆಯವನು ನನಗೆ ಬೇರೆ ಪಾತ್ರೆಯಲ್ಲಿ ಅನ್ನ ಮಾಡುತ್ತಾನೆ. ನಮಗೆ ವರ್ಜ್ಯವಾದ ಬಟಾಟೆ ತಿನ್ನುತ್ತೇನೋ ಇಲ್ಲವೋ ಎಂಬುದನ್ನು ಮಾತ್ರ ಕೇಳಬೇಡ.

ನಮ್ಮ ಕೆಲಸ ಇಷ್ಟೇ: ಉದ್ದ ಹಗ್ಗಕ್ಕೆ ಉಪಕರಣ ಕಟ್ಟಿ ಸಮುದ್ರಕ್ಕೆ ಇಳಿಬಿಡುತ್ತೇವೆ. ಮೇಲಿನ ನೀರು ಎಷ್ಟು ಬಿಸಿ, ಕೆಳಗಿನದು ಎಷ್ಟು ತಂಪು, ಅದರ ಮೇಲೆ ಬೀಸುವ ಗಾಳಿಯಲ್ಲಿ ಎಷ್ಟು ತೇವ ಎಂದು ಅಳೆಯುತ್ತೇವೆ. ಇದರಿಂದ ಏನಾಗುತ್ತದೆ ಎಂದು ಕೇಳುತ್ತೀ, ಗೊತ್ತು. ಮಡಿ ಅಡುಗೆಯ ಚೌಕಾದಲ್ಲಿ ಅವ್ವ ನೀರು ಕಾಯಿಸುವುದನ್ನು ನೆನಪು ಮಾಡಿಕೋ. ಹಬೆ ಎದ್ದು ಮುಚ್ಚಳಕ್ಕೆ ತಾಗಿ ಹನಿಯಾಗುತ್ತಿತ್ತು. ಆ ಮುಚ್ಚಳ ಮುಟ್ಟಿ ನಾನೊಮ್ಮೆ ಕೈ ಸುಟ್ಟುಕೊಂಡಿದ್ದೆ. ಒಲೆಯ ಉರಿ ಮುಚ್ಚಳದವರೆಗೆ ಹೋಗಿರಲಿಲ್ಲ. ಹಬೆಯೇ ಉರಿಯನ್ನು ಹೊತ್ತು ಮೇಲೆ ಒಯ್ದು, ಹನಿಯಾಗುವಾಗ ಅಲ್ಲಿ ಇಳಿಸಿತ್ತು. ಸಮುದ್ರ ಮಾಡುವುದೂ ಅದನ್ನೇ. ಬೇಸಿಗೆಯೆಲ್ಲ ಬಿಸಿಲು ಕುಡಿದು ಆ ಶಾಖವನ್ನು ಹಬೆಯ ಕೈಯಲ್ಲಿ ಗಾಳಿಗೆ ಕೊಡುತ್ತದೆ. ಹಬೆ ಮೇಲೆ ಮೋಡವಾಗುವಾಗ ಆ ಶಾಖ ಬಿಡುತ್ತದೆ, ಗಾಳಿ ಕಾದು ಇನ್ನೂ ಮೇಲೇಳುತ್ತದೆ. ಆ ಜಾಗ ತುಂಬಲು ಸುತ್ತಲಿನ ಗಾಳಿ ನುಗ್ಗುತ್ತದೆ. ನುಗ್ಗಿದ ಗಾಳಿ ಸಮುದ್ರವನ್ನು ಕಲಕಿ ಕೆಳಗಿನ ತಂಪು ನೀರನ್ನು ಮೇಲೆ ತರುತ್ತದೆ. ಹೀಗೆ ಇಬ್ಬರದೂ ಕೊಡು-ಕೊಳ್ಳು ನಡೆದೇ ಇರುತ್ತದೆ. ಮೊದಲು ಶುರು ಮಾಡಿದವರು ಯಾರು ಎಂದು ಕೇಳಿದರೆ ಇಲ್ಲಿಯ ದೊಡ್ಡ ಸಾಹೇಬರೂ ನಕ್ಕುಬಿಡುತ್ತಾರೆ.

ಅವ್ವ ನೀರು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಗಳನ್ನು ಅದೇ ಬಾವಿಗೆ ಮರಳಿ ಬಿಡುತ್ತಿದ್ದಳಲ್ಲ, ಇಲ್ಲಿ ಕೂತಾಗ ಅದು ನೆನಪಾಗುತ್ತದೆ. ಎಲ್ಲಿಂದ ತಗೊಂಡೆಯೋ ಅಲ್ಲಿಗೇ ಬಿಡಬೇಕು ಎನ್ನುತ್ತಿದ್ದಳು.

ಅಕ್ಕಾ, ಒಂದು ಮಾತು ನಡೆಸಿಕೊಡು. ಆಗಸ್ಟ್ ಕೊನೆಗೆ ನನಗೆ ರಜೆ ಇದೆ. ಮಳೆಗಾಲದ ನಾಲ್ಕು ತಿಂಗಳು ಅವ್ವ ಒಂದೇ ಊರಲ್ಲಿ ನಿಲ್ಲುತ್ತಾಳಲ್ಲ, ಈ ಸಲದ ಚಾತುರ್ಮಾಸ ನಮ್ಮ ದಿಗ್ಗೇವಾಡಿಯಲ್ಲೇ ಆಗಲಿ. ಬೇರೆ ಊರಲ್ಲಿ ಸಾವಿರ ಮಂದಿಯ ನಡುವೆ ನಿಂತು ಅವಳನ್ನು ನೋಡುವ ಧೈರ್ಯ ನನಗಿಲ್ಲ. ಸಂಸಾರ ಬಿಟ್ಟು ಅವಳು ದೀಕ್ಷೆ ತಗೊಂಡ ದಿನ ಅವಳ ಕೂದಲು ಕೀಳುವಾಗ ನಾನು ಚಪ್ಪರದಿಂದ ಎದ್ದು ಹೋದವನು, ಮತ್ತೆ ಮುಖ ತೋರಿಸಿಲ್ಲ. ಆ ಕೂದಲಿನ ಜೊತೆ ನನ್ನನ್ನೂ ಕಿತ್ತು ಹಾಕಿದಳು ಎಂದು ಅವತ್ತು ಅನಿಸಿತ್ತು, ಈಗಲೂ ಅನಿಸುತ್ತದೆ. ಆದರೂ ಒಂದು ಸಲ ನೋಡಬೇಕು. ಹೊಳೆಯ ಭಯ ಯಾರಾದರೂ ಎತ್ತಿದರೆ, ಈ ವರ್ಷ ಮಳೆ ತಡ, ಅದೂ ಹಗುರ ಎಂದು ನಮ್ಮ ಹಡಗಿನ ಹಳಬರು ಮಾತಾಡಿಕೊಳ್ಳುತ್ತಿದ್ದಾರೆ ಎಂದು ಹೇಳು.

ನಿನ್ನ ತಮ್ಮ
ಸುಹಾಸ


ದಿಗ್ಗೇವಾಡಿ
ಮೇ 30, 2005

ಸುಹಾಸಾ,

ಮೊದಲು ಒಂದು ವಿಷಯ. ಇನ್ನು ಮುಂದೆ ಪತ್ರದಲ್ಲಿ ಅವ್ವ, ಅವಳು ಎಂದು ಬರೆಯಬೇಡ. ಅವರು ಈಗ ನಿರ್ವೇಗಮತಿ ಮಾತಾಜಿ. ನಾನೂ ಮಾತಾಜಿ ಎಂದೇ ಕರೆಯುತ್ತೇನೆ. ಮೊದಮೊದಲು ನಾಲಿಗೆ ತೊಡರುತ್ತಿತ್ತು, ಈಗ ರೂಢಿಯಾಗಿದೆ. ಕಮಲಾಬಾಯಿ ಎಂಬವಳು ಆ ಚಪ್ಪರದಲ್ಲೇ ಮುಗಿದಳು ಎಂದು ತಿಳಿ. ಬಟಾಟೆಯ ವಿಷಯ ನಾನು ಕೇಳುವುದಿಲ್ಲ, ನೀನು ಉತ್ತರ ಕೊಟ್ಟಾಗಿದೆ.

ಮಾತಾಜಿ ಕಾಲ್ನಡಿಗೆಯ ವಿಹಾರದಲ್ಲಿ ನಮ್ಮೂರಿಗೆ ಬಂದು ಒಂದು ವಾರ ಬಸದಿಯಲ್ಲಿದ್ದರು. ಅವರು ಇರುವಾಗಲೇ ನಿನ್ನ ಪತ್ರ ಬಂತು. ನಿನ್ನ ವಿಷಯ ನಾನು ಎತ್ತಲಿಲ್ಲ, ಅವರೂ ಕೇಳಲಿಲ್ಲ. ಮಧ್ಯಾಹ್ನ ಶಾಸ್ತ್ರ ಓದಿ ಮುಗಿದ ಮೇಲೆ ನಮ್ಮ ಹೆಣ್ಣುಮಕ್ಕಳು ಹಾಗೇ ಕೂತಿರುತ್ತಾರಲ್ಲ, ಓಣಿಯ ಅಕ್ಕುತಾಯಿ ಗಂಟು ಬಿದ್ದಳು: "ಸಮುದ್ರದ ಕಾಗದಾ ಬಂದೈತಂತಲ್ಲ, ಓದಬೇ." ಸಮುದ್ರದ ಭಾಗವಷ್ಟೇ ಓದಿದೆ. ಮುಚ್ಚಳದ ಮಾತು ಎಲ್ಲರಿಗೂ ಹಿಡಿಸಿತು. ಮಾತಾಜಿ ಗೋಡೆಯ ಕಡೆ ಮುಖ ಮಾಡಿ ಜಪಮಾಲೆ ಎಣಿಸುತ್ತಿದ್ದರು. ಏನೂ ಅನ್ನಲಿಲ್ಲ. ಅನ್ನುತ್ತಾರೆ ಎಂದು ನೀನು ಆಸೆ ಇಟ್ಟುಕೊಳ್ಳುವುದೂ ಬೇಡ.

ಚಾತುರ್ಮಾಸಕ್ಕೆ ಅಥಣಿಯವರು ಆಗಲೇ ತೆಂಗಿನಕಾಯಿ ಇಟ್ಟು ಬೇಡಿಕೊಂಡು ಹೋಗಿದ್ದಾರೆ. ದೊಡ್ಡ ಬಸದಿ, ದೊಡ್ಡ ಮಂದಿ. ನಮ್ಮೂರಿನದು ಆಗುವ ಮಾತಲ್ಲ. ನೀನು ಕೇಳಿದ್ದಕ್ಕೆ ನಾವೂ ಒಂದು ಕಾಯಿ ಇಟ್ಟು ಬರುತ್ತೇವೆ.

ಬ್ರಾಹ್ಮಿ


ದಿಗ್ಗೇವಾಡಿ
ಜುಲೈ 3, 2005

ಸುಹಾಸಾ,

ನಿನ್ನ ಪುಣ್ಯ ಗಟ್ಟಿ. ನಮ್ಮೂರೇ ಆಯಿತು!

ಮಾತಾಜಿ ಮುಗಳಖೋಡದಲ್ಲಿದ್ದರು. ನಾವು ಹೋದಾಗ ಅಥಣಿಯ ಹಿರಿಯರು ಎದುರಿಗೇ ಕೂತಿದ್ದರು. ನಮ್ಮ ಕಾಯಿ ನಾನೇ ನಾಚಿಕೊಂಡು ಇಟ್ಟೆ. ಮಾತಾಜಿ ಅದನ್ನು ನೋಡಿ, "ಈ ಸಲ ದಿಗ್ಗೇವಾಡಿ. ಅಲ್ಲಿ ಬರಾವ್ರು ಅದಾರ" ಎಂದರು. ಅಷ್ಟೇ. ಅಥಣಿಯವರ ಮುಖ ಬಾಡಿತು. ದರ್ಶನಕ್ಕೆ ಬಹಳ ಮಂದಿ ಬರುತ್ತಾರೆ ಎಂದುಕೊಂಡು ನಮ್ಮವರು ಆಗಲೇ ಬಸದಿಗೆ ಸುಣ್ಣ ಹೊಡೆಸುತ್ತಿದ್ದಾರೆ.

ಒಬ್ಬರೇ ತಕರಾರು ಮಾಡಿದವರು ನಿನ್ನ ಮಾಮಾ. ಜಯಪಾಲ ಎಂಬ ನನ್ನ ಗಂಡನಿಗೆ ಮಾತು ಕಡಿಮೆ, ಆದರೆ ನಾವು ಮರಳಿದ ಮೇಲೆ ಬಸದಿಯ ಸಭೆಯಲ್ಲಿ ಎದ್ದು ನಿಂತರು: "ಬಸದಿ ಹೊಳಿ ದಂಡ್ಯಾಗೈತಿ. ಸಂಕಲ್ಪ ಮಾಡಿ ಕುಂತ ಮ್ಯಾಲ ಮಾತಾಜಿ ಏಳೂದಿಲ್ಲ. ಅಥಣಿಗೆ ಹೋಗ್ಲಿ." ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಮುದ್ರವನ್ನೇ ಅಳೆಯುವ ನನ್ನ ತಮ್ಮ ಈ ವರ್ಷ ಮಳೆ ಹಗುರ ಎಂದು ಬರೆದಿದ್ದಾನೆ ಎಂದೆ. ಬಸದಿಯ ಆಡಳಿತ ನೋಡುವ ಭರಮು ಕಾಕಾ ಕೂಡ ಹೌದೆಂದು ಗೋಣು ಹಾಕಿದರು. ಮಾಮಾ ಮತ್ತೆ ಬಾಯಿ ಬಿಡಲಿಲ್ಲ.

ನೀನು ಹೇಳಿದಂತೆಯೇ ಇದೆ. ಮೃಗಶಿರ ಒಣಗಿಯೇ ಹೋಯಿತು. ಈಗಷ್ಟೇ ನಾಲ್ಕು ಹನಿ ಬಿದ್ದಿವೆ. ಜುಲೈ ಇಪ್ಪತ್ತಕ್ಕೆ ಚಾತುರ್ಮಾಸದ ಸ್ಥಾಪನೆ, ಸಂಕಲ್ಪ ಅವತ್ತೇ. ನೀನು ಬರುವಾಗ ಬಿಳಿ ಬಟ್ಟೆ ಹಾಕಿಕೊಂಡು ಬಾ, ಹಡಗಿನ ಎಣ್ಣೆ ಬಟ್ಟೆಯಲ್ಲಿ ಬಂದೀಯ.

ಬ್ರಾಹ್ಮಿ


ವಿಶಾಖಪಟ್ಟಣ, ಹೊರಬಂದರು
ಜುಲೈ 15, 2005

ಅಕ್ಕಾ,

ನಿನ್ನ ಪತ್ರ ಈಗ ಕೈ ಸೇರಿತು. ಹಡಗು ಇನ್ನೊಂದು ಗಳಿಗೆಗೆ ಹೊರಡುತ್ತದೆ, ನಿಂತುಕೊಂಡೇ ಬರೆಯುತ್ತಿದ್ದೇನೆ. ಊರಿಗೆ ಫೋನ್ ಹಚ್ಚಿದೆ, ಕರಕರ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ.

ಮಳೆ ಹಗುರ ಎಂದು ನಾನು ಹೇಳಲಿಲ್ಲ, ಅಕ್ಕಾ. ಹಳಬರು ಮಾತಾಡಿಕೊಂಡರು ಎಂದೆ. ಅದನ್ನೂ ಬರೆಯಬಾರದಿತ್ತು. ನಿಮ್ಮಲ್ಲಿ ಯಾರೂ ಅಡ್ಡ ಬರದಿರಲಿ ಎಂದು ಸೇರಿಸಿದ ಮಾತು ಅದು. ಅಳೆದು ನೋಡಿದ್ದು ಬೇರೆಯೇ ಇದೆ. ಈ ಕೊಲ್ಲಿಯ ನೀರು ಇಷ್ಟು ಬಿಸಿಯಾಗಿದ್ದನ್ನು ನಾನು ಕೆಲಸಕ್ಕೆ ಸೇರಿದಂದಿನಿಂದ ಕಂಡಿಲ್ಲ. ಗಾಳಿಯೇ ಇಲ್ಲದೆ ದಿನಗಟ್ಟಲೆ ಬಿಸಿಲು ಕುಡಿದಿದೆ. ಕುಡಿದದ್ದನ್ನು ಕೊಡದೆ ಬಿಡುವುದಿಲ್ಲ. ಇಲ್ಲಿ ಗಾಳಿಯ ಒತ್ತಡ ಕುಸಿಯಿತೆಂದರೆ ಅದು ಆ ಕಡೆಯ ಅರಬ್ಬಿ ಸಮುದ್ರದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಹಸಿ ಗಾಳಿಗೆ ನಡುವೆ ಅಡ್ಡ ನಿಂತಿರುವುದು ನಮ್ಮ ಹೊಳೆ ಹುಟ್ಟುವ ಘಟ್ಟ. ನಿಮ್ಮಲ್ಲಿ ಬಿಸಿಲಿದ್ದರೂ ಹೊಳೆ ಬರಬಹುದು. ಬಂದೇ ಬರುತ್ತದೆ ಎಂದು ಹೇಳುವಷ್ಟು ನನಗೆ ಗೊತ್ತಿಲ್ಲ. ಬರುವುದಿಲ್ಲ ಎಂದು ಹೇಳುವಷ್ಟಂತೂ ಗೊತ್ತೇ ಇಲ್ಲ.

ಮಾಮಾ ಹೇಳಿದ್ದು ಸರಿ. ಸ್ಥಾಪನೆಗೆ ಮೊದಲೇ ಅವ್ವನನ್ನು ಅಥಣಿಗೆ ಕಳಿಸು. ಅಲ್ಲಿಗೇ ಬಂದು ನೋಡುತ್ತೇನೆ. ಸಾವಿರ ಮಂದಿಯ ನಡುವೆಯೇ ನಿಲ್ಲುತ್ತೇನೆ. ನನ್ನ ಮೇಲೆ ಆಣೆ.

ಟಪಾಲು ಒಯ್ಯುವ ದೋಣಿಯವನು ಕೂಗುತ್ತಿದ್ದಾನೆ.

ಸುಹಾಸ


ದಿಗ್ಗೇವಾಡಿ
ಜುಲೈ 29, 2005

ಸುಹಾಸಾ,

ಸ್ಥಾಪನೆ ಚೆನ್ನಾಗಿ ಆಯಿತು. ನಿನ್ನ ಪತ್ರ ಯಾಕೆ ಬರಲಿಲ್ಲ? ಸಿಹಿ ಸುದ್ದಿ ಬರೆದವಳಿಗೆ ನಾಲ್ಕು ಸಾಲು ಉತ್ತರ ಬರೆಯಲು ಸಮುದ್ರ ಅಡ್ಡ ಬಂತೇನು?

ಹೊಳೆ ಸ್ವಲ್ಪ ಏರಿದೆ. ರೇಡಿಯೋದಲ್ಲಿ ದಿನವೆಲ್ಲ ಮುಂಬಯಿಯದೇ ಸುದ್ದಿ. ನಮ್ಮಲ್ಲಿ ಅಂಥ ಮಳೆ ಏನಿಲ್ಲ, ಇವತ್ತು ಬಿಸಿಲೂ ಬಿದ್ದಿತ್ತು. ಆದರೂ ನೀರು ಏರುತ್ತಿದೆ. ಘಟ್ಟದ ನೀರು ಎನ್ನುತ್ತಾರೆ. ಕೆಳಗಿನ ಓಣಿಯವರು ದನ ಹೊಡೆದುಕೊಂಡು ಮೇಲೆ ಬಂದಿದ್ದಾರೆ. ಬಸದಿಯ ಮೆಟ್ಟಿಲವರೆಗೆ ಬಂದು ನಿಂತಿದೆ, ಇಳಿಯುತ್ತದೆ ಎಂದು ಭರಮು ಕಾಕಾ ಹೇಳಿದರು.

ಮಾತಾಜಿ ಶಾಂತವಾಗಿದ್ದಾರೆ. ಚಿಂತೆ ಮಾಡಬೇಡ. ಈ ಕಾಗದ ಮಾಮಾ ರಾಯಬಾಗಕ್ಕೆ ಹೋದಾಗ ಹಾಕುತ್ತಾರೆ.

ಬ್ರಾಹ್ಮಿ


ಬಂಗಾಳ ಕೊಲ್ಲಿಯಲ್ಲಿ
ಆಗಸ್ಟ್ 6, 2005

ಅಕ್ಕಾ,

ಬಂದರು ಮುಟ್ಟಿದ ದಿನ ಹಾಕುತ್ತೇನೆ, ಬರೆದಿಡುತ್ತಿದ್ದೇನೆ. ಮನಸ್ಸು ಹಗುರಾಗಿದೆ.

ನಾನು ಹೆದರಿದ್ದೇ ಆಯಿತು. ಕಳೆದ ತಿಂಗಳ ಕೊನೆಗೆ ನಮ್ಮ ಉತ್ತರಕ್ಕೆ ಒತ್ತಡ ಕುಸಿದು, ಹಡಗು ಮೂರು ದಿನ ಕುಣಿಯಿತು. ತಿಂದದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಗಾಳಿ ಇಳಿದ ಮೇಲೆ ಮೊದಲಿನ ಜಾಗಕ್ಕೇ ಹೋಗಿ ಉಪಕರಣ ಇಳಿಸಿದೆವು. ನೀರು ಎರಡು ಡಿಗ್ರಿಗೂ ಹೆಚ್ಚು ತಣ್ಣಗಾಗಿತ್ತು. ಎರಡು ಎಂದರೆ ನಗಬೇಡ. ಇಡೀ ಜಿಲ್ಲೆಗಿಂತ ದೊಡ್ಡ ಸಮುದ್ರ ಎರಡು ಡಿಗ್ರಿ ಆರಿದೆ. ಒಂದಿಷ್ಟು ಶಾಖ ಕೆಳಗಿನ ತಂಪು ನೀರಲ್ಲಿ ಬೆರೆಯಿತು, ಉಳಿದದ್ದು ಗಾಳಿಗೆ ಹೋಯಿತು, ಗಾಳಿಯಿಂದ ಮಳೆಗೆ. ನಮ್ಮ ಸಾಹೇಬರು ಅಂಕಿ ನೋಡಿ ನನ್ನ ಬೆನ್ನು ತಟ್ಟಿದರು. ಇಂಥ ಅಳತೆ ಸುಲಭಕ್ಕೆ ಸಿಗುವುದಿಲ್ಲವಂತೆ.

ಹೊಳೆ ಬಂದಿರಬೇಕು. ಸಾಮಾನು ಮೇಲೆ ಸಾಗಿಸಿದಿರೋ ಇಲ್ಲವೋ? ಅವ್ವ ಅಥಣಿಯಲ್ಲಿದ್ದಾಳೆ ಎಂಬ ಒಂದು ಸಮಾಧಾನದ ಮೇಲೆ ಇಲ್ಲಿ ನಿದ್ದೆ ಮಾಡುತ್ತಿದ್ದೇನೆ. ನನ್ನ ಪತ್ರ ನೋಡಿ ಬೈದಿರುತ್ತೀ, ಬೈ. ಇಷ್ಟು ದಿನ ಸಮುದ್ರ ಅಳೆದದ್ದು ಮನೆಯವರಿಗೆ ಒಂದು ಸಲವಾದರೂ ಉಪಯೋಗವಾಯಿತಲ್ಲ. ಬಿಳಿ ಬಟ್ಟೆ ತಗೊಂಡಿದ್ದೇನೆ.

ಸುಹಾಸ


ರಾಯಬಾಗ
ಆಗಸ್ಟ್ 13, 2005

ತಮ್ಮಾ,

ಮೊನ್ನೆ ಬೆಳಿಗ್ಗೆ ಮಾತಾಜಿಯವರ ಸಮಾಧಿಯಾಯಿತು. ನಾನು ಪಕ್ಕದಲ್ಲಿದ್ದೆ. ಣಮೋಕಾರ ಮಂತ್ರ ಹೇಳುತ್ತಿದ್ದರು, ತುಟಿ ನಿಂತಿತು.

ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹಿಂದಿನ ಪತ್ರದಲ್ಲಿ ನಾನು ಪೂರ್ತಿ ಬರೆದಿರಲಿಲ್ಲ. ಅವತ್ತಿಗೇ ಬಸದಿಯ ಬಾವಿಗೆ ಹೊಳೆ ನೀರು ನುಗ್ಗಿತ್ತು. ಅವತ್ತೇ ಮಾತಾಜಿಗೆ ದಿನಕ್ಕೊಂದೇ ಸಲದ ಆಹಾರ ಆಗಿರಲಿಲ್ಲ. ನಾವು ಕೊಡದಲ್ಲಿ ಕೆಂಪು ನೀರು ತಂದು, ನಾಲ್ಕು ಪದರದ ಬಟ್ಟೆಯಲ್ಲಿ ಸೋಸಿ, ಕುದಿಸಿ, ಆರಿಸಿ ಇಟ್ಟೆವು. ನೋಡಿದರು. "ಸೋಸಿದ ಜೀವಾನ ಎಲ್ಲಿ ಬಿಟ್ಟಿ?" ಎಂದು ಕೇಳಿದರು. ಬಾವಿಗೆ ಎಂದು ಬಾಯಿಗೆ ಬಂತು. "ಬಾವಿ ಎಲ್ಲೈತಿ?" ಎಂದರು. ಬಾವಿ ಇದ್ದ ಕಡೆ ಹೊಳೆ ಹರಿಯುತ್ತಿತ್ತು. ಬಿಟ್ಟ ಜೀವ ಎಲ್ಲಿಗೆ ಕೊಚ್ಚಿ ಹೋಯಿತೋ ನನಗೇನು ಗೊತ್ತು? ಅವರು ಅಂಜಲಿ ಬಿಡಿಸಿ, ಕೈ ತೊಳೆಯದೆ ಎದ್ದರು.

ಆಪತ್ತಿನಲ್ಲಿ ಚಾತುರ್ಮಾಸದ ಜಾಗ ಬಿಡಬಹುದು ಎಂದು ಅವರೇ ಹೇಳಿದರು. ಹಟ ಮಾಡಲಿಲ್ಲ. ನಡೆದು ಹೋಗೋಣ ಎಂದಾಗ ದಾರಿ ಇರಲಿಲ್ಲ. ದೋಣಿ ಬಂದಾಗಲೂ, ಪ್ರಾಯಶ್ಚಿತ್ತ ತಗೊಂಡು ಹತ್ತುತ್ತೇನೆ ಎಂದರು. ಆದರೆ "ಮೊದ್ಲ ಕೂಸು ಇದ್ದಾವ್ರು ಹೋಗ್ಲಿ" ಎಂದು ಕೂತರು. ಕೂಸು ಇದ್ದವರು ಮುಗಿಯಲೇ ಇಲ್ಲ. ಕೊನೆಯ ದೋಣಿಯಲ್ಲಿ ಬಂದೆವು. ನಡುವೆ ಮೂರ್ನಾಲ್ಕು ದಿನ ಮೇಲಿನ ಓಣಿಯ ಬಾವಿಯ ನೀರು ಎರಡು ಅಂಜಲಿ ಆಗಿತ್ತು, ಅದೂ ಮುಳುಗಿದ ಮೇಲೆ ಒಂದು ಹನಿ ಇಲ್ಲ.

ಇಲ್ಲಿ ರಾಯಬಾಗದ ಬಸದಿಯಲ್ಲಿ ಒಳ್ಳೆಯ ಬಾವಿ ಇದೆ. ಚೌಕಾ ಹಾಕಿದೆವು. ಮೊದಲ ಅಂಜಲಿಯ ನೀರು ಬಾಯಿಗೆ ಹೋಗುವ ಮೊದಲೇ ಅದರಲ್ಲಿ ಕೂದಲು ಕಂಡಿತು. ಅಂತರಾಯ, ಅವತ್ತಿಗೆ ಇನ್ನು ಅನ್ನವಿಲ್ಲ, ನೀರಿಲ್ಲ. ಕೈ ಬಿಟ್ಟರು. ಆ ಕೂದಲು ನನ್ನದೇ ಇರಬೇಕು, ಬಡಿಸಿದವಳು ನಾನು. ಮರುದಿನ ಜ್ವರ ಬಂತು, ನುಂಗಲು ಆಗಲಿಲ್ಲ. ಡಾಕ್ಟರು ಸಲೈನ್ ಹಿಡಿದುಕೊಂಡು ಬಂದರು. ಮಾತಾಜಿ ತಲೆ ಆಡಿಸಿ ಬೇಡ ಎಂದರು.

ಮಾಮಾ ನಿನಗೆ ತಾರು ಕೊಡಲು ಹೊರಟಿದ್ದರು. ಮಾತಾಜಿಯೇ ತಡೆದರು. "ಸಮುದ್ರದಾಗ ಇದ್ದಾವ್ರನ್ನ ಕರದ್ರ ಹೆಂಗ ಬಂದಾರು? ಅಂವಗ ಅಲ್ಲಿ ಸಮುದ್ರಾ ಅಳೆಯೂದೈತಿ" ಎಂದರು.

ಊರಲ್ಲಿ ಇನ್ನೂ ನೀರಿದೆ. ಬರುವ ಅವಸರ ಮಾಡಬೇಡ. ಬಂದು ನೋಡುವಂಥದ್ದು ಏನೂ ಉಳಿದಿಲ್ಲ.

ಬ್ರಾಹ್ಮಿ


ಚೆನ್ನೈ
ಆಗಸ್ಟ್ 29, 2005

ಅಕ್ಕಾ,

ನಿನ್ನ ಎರಡೂ ಪತ್ರ ಒಟ್ಟಿಗೆ ಸಿಕ್ಕವು. ಮೊದಲು ಜುಲೈಯದು ಒಡೆದೆ. ಮೊದಲ ಬೈಗುಳಕ್ಕೆ ನಕ್ಕೆ, ಆಮೇಲೆ ಬಸದಿಯ ಮೆಟ್ಟಿಲಿನ ಸಾಲು ಬಂತು.

ನಾನು ಬರೆದದ್ದು ನಿನಗೆ ಮುಟ್ಟಲಿಲ್ಲವೇ? ಮುಟ್ಟಿದರೂ ಬರಲಿಲ್ಲ ಎಂದು ಬರೆದೆಯಾ? ಅಥಣಿಗೆ ಕಳಿಸು, ನನ್ನ ಮೇಲೆ ಆಣೆ ಎಂದು ಬರೆದಿದ್ದೆ. ಮಾಮಾ ಹೇಳಿದ್ದರು, ನಾನು ಹೇಳಿದ್ದೆ, ನೀನು ಸುಣ್ಣ ಹೊಡೆಸುತ್ತಿದ್ದೆ. ಹಗುರ ಮಳೆ ಎಂಬ ಒಂದು ಮಾತು ಹಿಡಿದುಕೊಂಡು ಸಭೆಯಲ್ಲಿ ಮಾಮಾನ ಬಾಯಿ ಮುಚ್ಚಿಸಿದವಳು ನೀನು. ಆ ಮಾತು ಬರೆದವನು ನಾನು. ಅದನ್ನು ಮರೆತು ನಿನ್ನನ್ನು ಬೈಯುತ್ತಿಲ್ಲ, ನೆನಪಿಟ್ಟುಕೊಂಡೇ ಬೈಯುತ್ತಿದ್ದೇನೆ.

ನಾವು ಉಪಕರಣ ಮೇಲೆತ್ತಿ ಎರಡು ಡಿಗ್ರಿ ಎಂದು ಕುಣಿದಾಡುವಾಗ ಅವಳು ಅನ್ನ ನೀರಿಲ್ಲದೆ ಕೂತಿದ್ದಳು. ಸಾಹೇಬರು ಆ ಅಂಕಿಯನ್ನು ದೊಡ್ಡ ಸಭೆಯಲ್ಲಿ ತೋರಿಸುತ್ತಾರಂತೆ, ನನ್ನ ಹೆಸರೂ ಹಾಕುತ್ತಾರಂತೆ. ಬೇಡ ಎಂದೆ.

ಅವಳಿಗೆ ನಾನು ಯಾರೂ ಅಲ್ಲ ಎಂಬುದು ಗೊತ್ತಿದ್ದದ್ದೇ. ಅದನ್ನು ಅವಳ ಬಾಯಿಂದಲೇ ಕೇಳಿಕೊಂಡು ಬರೋಣ ಎಂದಿದ್ದೆ. ಅದಕ್ಕೂ ದಾರಿ ಉಳಿಯಲಿಲ್ಲ. ರಜೆ ರದ್ದು ಮಾಡಿಸಿದ್ದೇನೆ. ಇನ್ನು ಬರೆಯಬೇಡ.

ಸುಹಾಸ


ದಿಗ್ಗೇವಾಡಿ
ಸೆಪ್ಟೆಂಬರ್ 20, 2005

ಸುಹಾಸಾ,

ಬರೆಯಬೇಡ ಎಂದೆ. ನೀನು ಹೇಳಿದ್ದನ್ನೆಲ್ಲ ಕೇಳಿದ್ದರೆ ನಾನು ನಿನ್ನ ಅಕ್ಕ ಯಾಕಾಗುತ್ತಿದ್ದೆ?

ನಿನ್ನ ಜುಲೈ ಹದಿನೈದರ ಪತ್ರ ನಿನ್ನೆ ಬಂತು. ಮುಳುಗಿದ ಊರುಗಳ ಟಪಾಲು ಒಯ್ಯುವವರಿಲ್ಲದೆ ಚೀಲದಲ್ಲೇ ಉಳಿದಿತ್ತಂತೆ. ಲಕೋಟೆಯ ಮೇಲೆ ವಿಶಾಖಪಟ್ಟಣದ ಮುದ್ರೆ ನೋಡಿದೆ. ಜುಲೈ ಇಪ್ಪತ್ತೆರಡು. ದೋಣಿಯವನು ಒಂದು ವಾರ ಜೇಬಿನಲ್ಲೇ ಇಟ್ಟುಕೊಂಡಿದ್ದನೋ ಏನೋ. ಅವನು ಅವತ್ತೇ ಹಾಕಿದ್ದರೂ ಸ್ಥಾಪನೆಗೆ ಮೊದಲು ನನ್ನ ಕೈಗೆ ಬರುತ್ತಿತ್ತೋ ಇಲ್ಲವೋ. ಎಣಿಸಿ ನೋಡಿದೆ, ಆಮೇಲೆ ಬಿಟ್ಟುಬಿಟ್ಟೆ.

ಈಗ ನಿನಗೆ ಒಂದು ಹೇಳಬೇಕು. ಹೇಳುವುದೋ ಬೇಡವೋ ಎಂದು ತಿಂಗಳಿಡೀ ಒದ್ದಾಡಿದೆ. ಹೇಳಿದರೆ ನಿನಗೆ ಹೆಚ್ಚು ನೋವಾಗುತ್ತದೆ ಎಂದು ಮಾಮಾ ತಡೆದರು. ಆದರೆ "ಅವಳಿಗೆ ನಾನು ಯಾರೂ ಅಲ್ಲ" ಎಂದು ಬರೆದಿದ್ದೀ. ಆ ಸುಳ್ಳನ್ನು ಹೊತ್ತುಕೊಂಡು ನೀನು ಸಮುದ್ರದಲ್ಲಿ ತಿರುಗುವುದನ್ನು ನನಗೆ ಸಹಿಸಲಾಗುವುದಿಲ್ಲ.

ಸಮುದ್ರದ ಭಾಗವಷ್ಟೇ ಓದಿದೆ ಎಂದಿದ್ದೆ. ಅಲ್ಲ. ಮೇ ತಿಂಗಳಿನಲ್ಲಿ ಆ ಬಸದಿಯಲ್ಲಿ ನಿನ್ನ ಪತ್ರ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ, ಬಟಾಟೆಯನ್ನೂ ಬಿಡದೆ. ಎರಡು ವರ್ಷದಿಂದ ಹಾಗೇ ನಡೆದಿತ್ತು. ಮಾತಾಜಿ ಯಾವ ಊರಲ್ಲಿದ್ದರೂ ನಿನ್ನ ಪತ್ರ ಬಂದಾಗ ನಾವು ಹೆಣ್ಣುಮಕ್ಕಳು ದರ್ಶನಕ್ಕೆ ಹೋಗುತ್ತಿದ್ದೆವು. ಶಾಸ್ತ್ರ ಮುಗಿದ ಮೇಲೆ ಅಕ್ಕುತಾಯಿ ಓದು ಎನ್ನುತ್ತಿದ್ದಳು, ನಾನು ಓದುತ್ತಿದ್ದೆ. ಮನೆಯ ನಂಟು ಬಿಟ್ಟವರು, ಅವರಿಗೆ ಓದಿ ಹೇಳಿದರೆ ವ್ರತಕ್ಕೆ ಕುಂದು. ಓಣಿಯವರಿಗೆ ಓದುವಾಗ ಅವರು ಆ ಕಡೆ ಮುಖ ಮಾಡಿ ಕೂತಿದ್ದರೆ ಯಾರು ಏನೆನ್ನುತ್ತಾರೆ? ಹೋಗಿ ಕೂತುಕೊಳ್ಳಬಹುದಾದ ಒಳಕೋಣೆ ಎಲ್ಲ ಬಸದಿಯಲ್ಲೂ ಇರುತ್ತದೆ. ಒಂದು ಸಲವೂ ಎದ್ದು ಹೋಗಲಿಲ್ಲ.

ಅವತ್ತು, "ಕೂದಲಿನ ಜೊತೆ ನನ್ನನ್ನೂ ಕಿತ್ತು ಹಾಕಿದಳು" ಎಂಬಲ್ಲಿಗೆ ಬಂದಾಗ ಜಪಮಾಲೆ ನಿಂತಿತು. ನಾನು ನೋಡಿದೆ. ಆಗಸ್ಟಿನಲ್ಲಿ ರಜೆ, ಚಾತುರ್ಮಾಸ ನಮ್ಮೂರಲ್ಲಿ ಆಗಲಿ ಎಂಬುದನ್ನು ಓದಿ ಮುಗಿಸುವವರೆಗೂ ಬೆರಳು ಅದೇ ಮಣಿಯ ಮೇಲಿತ್ತು.

ಮುಗಳಖೋಡದಲ್ಲಿ "ಬರಾವ್ರು ಅದಾರ" ಎಂದಾಗ ಊರೆಲ್ಲ ಜಾತ್ರೆಯಷ್ಟು ಮಂದಿ ಬರುತ್ತಾರೆ ಎಂದುಕೊಂಡಿತು. ಬರುವವನು ಒಬ್ಬನೇ ಎಂದು ನನಗೆ ಗೊತ್ತಿತ್ತು. ನಿನಗೆ ಬರೆಯಲಿಲ್ಲ. ಬರೆದರೆ ಅವರ ವ್ರತ ಬಯಲಿಗೆಳೆದಂತೆ ಆಗುತ್ತಿತ್ತು. ನೀನೇ ಬಂದು, ಎದುರು ಕೂತು, ತಿಳಿದುಕೊಳ್ಳಲಿ ಎಂದು ಬಿಟ್ಟೆ.

ಸಭೆಯಲ್ಲಿ ಮಾಮಾನ ಬಾಯಿ ನಾನು ಮುಚ್ಚಿಸಿದ್ದೂ ಅದಕ್ಕೇ. ಮಳೆ ಹಗುರ ಎಂಬುದನ್ನು ನಂಬಿದೆ ಅಂದುಕೊಂಡೆಯಾ? ಹೊಳೆ ದಂಡೆಯಲ್ಲಿ ಹುಟ್ಟಿದವಳು ನಾನು. ಮಾತಾಜಿ ಬಾಯಿ ಬಿಟ್ಟು ಕೇಳಿದ್ದು ಅದೊಂದೇ. ಅದನ್ನು ತಪ್ಪಿಸುವ ಕಲ್ಲೆದೆ ನನಗಿರಲಿಲ್ಲ.

ನಿನ್ನೆ ಪತ್ರ ಬಂದಾಗ ಮಧ್ಯಾಹ್ನವಾಗಿತ್ತು. ಬಸದಿಯ ರಾಡಿ ಬಳಿದು ತೊಳೆದಿದ್ದಾರೆ, ಸುಣ್ಣ ಎದೆಮಟ್ಟಕ್ಕೆ ಕಿತ್ತು ಬಂದಿದೆ. ಹೆಣ್ಣುಮಕ್ಕಳು ಶಾಸ್ತ್ರ ಮುಗಿಸಿ ಕೂತಿದ್ದರು. ಅಕ್ಕುತಾಯಿ ನನ್ನ ಕೈಯಲ್ಲಿ ಲಕೋಟೆ ನೋಡಿದಳು, ಓದು ಎನ್ನಲಿಲ್ಲ. ನಾನೇ ಓದಿದೆ. ಬಿಸಿ ನೀರು, ಘಟ್ಟ, ಅಥಣಿಗೆ ಕಳಿಸು, ನನ್ನ ಮೇಲೆ ಆಣೆ, ಎಲ್ಲ ಓದಿದೆ. ದೋಣಿಯವನು ಕೂಗುತ್ತಿದ್ದಾನೆ ಎಂಬುದನ್ನೂ ಓದಿದೆ. ಯಾರೂ ಅಳಲಿಲ್ಲ.

ಪತ್ರ ಮಡಚಿದ ಮೇಲೆ ಅಕ್ಕುತಾಯಿ ಆ ಗೋಡೆಯ ಕಡೆ ತಿರುಗಿದಳು. "ಕೇಳಿದ್ರಿಲ್ರಿ, ಮಾತಾಜಿ? ಅಂವಾ ಬರತೇನಿ ಅಂದಿದ್ನಂತ" ಎಂದಳು.

ಊರಿಗೆ ಬಾ, ಸುಹಾಸಾ. ಬಾವಿ ಬಳಿದಿದ್ದೇವೆ, ನೀರು ತಿಳಿಯಾಗಿದೆ. ಅವ್ವ ನಿನ್ನನ್ನು ಕಾಯ್ದಳು.

ಅಕ್ಕ